ಕೈಗಾರಿಕಾ ಶಾಂತಿಯೆಂಬ ಮೂಢನಂಬಿಕೆ

ಹೂಡಿಕೆದಾರರ ಸಮಾವೇಶಗಳಲ್ಲಿ ರಾಜ್ಯಗಳು ತಮ್ಮನ್ನು ತಾವೇ ಹೊಗಳಿಕೊಳ್ಳಲು ಒಂದು ಪಟ್ಟಿ ಇಟ್ಟುಕೊಂಡಿರುತ್ತವೆ. ಜಮೀನು ಸಿದ್ಧವಿದೆ, ನೀರಿದೆ, ಕರೆಂಟಿದೆ, ವಿಮಾನ ನಿಲ್ದಾಣ ಹತ್ತಿರದಲ್ಲೇ ಇದೆ. ಇಷ್ಟಾದ ಮೇಲೆ ‘ನಮ್ಮಲ್ಲಿ ಕೈಗಾರಿಕಾ ಶಾಂತಿಯೂ ಇದೆ’ ಎಂದು ಸೇರಿಸುತ್ತಾರೆ. ಸೊಲ್ಲೆತ್ತದ ಕಾರ್ಮಿಕನನ್ನು ನೀರು, ಕರೆಂಟಿನ ಸಾಲಿನಲ್ಲಿ ನಿಲ್ಲಿಸಿ ಸವಲತ್ತೆಂದು ಮಾರುವ ಈ ಮಾತಿನ ಹಿಂದೆ ಗಟ್ಟಿಯಾದ ನಂಬಿಕೆಯೊಂದಿದೆ. ಕಾರ್ಖಾನೆಯ ಗೇಟಿನ ಮುಂದೆ ಘೋಷಣೆ ಕೇಳಿಸಿದರೆ ಬಂಡವಾಳ ಓಡಿಹೋಗುತ್ತದೆ, ಮುಷ್ಕರ ನಡೆದ ನಾಡು ಹಿಂದುಳಿಯುತ್ತದೆ ಎಂಬ ನಂಬಿಕೆ ಅದು. ಮಂತ್ರಿಗಳು, ವಾಣಿಜ್ಯ ಸಂಘಗಳು, ಸಂಪಾದಕೀಯಗಳು, ಕೊನೆಗೆ ಮೂವತ್ತು ವರ್ಷ ಕಾರ್ಖಾನೆಯ ಯೂನಿಯನ್ನಿನ ಆಸರೆಯಲ್ಲಿ ಸಂಬಳ, ಪಿಂಚಣಿ ಪಡೆದ ನಿವೃತ್ತರೂ ಇದನ್ನು ಒಪ್ಪುತ್ತಾರೆ. ಎಲ್ಲರೂ ಒಪ್ಪಿದ್ದರಿಂದ ಪರೀಕ್ಷಿಸುವ ಗೋಜಿಗೆ ಯಾರೂ ಹೋಗಿಲ್ಲ. ಪರೀಕ್ಷಿಸಿದರೆ ಅದು ನಿಲ್ಲುವುದಿಲ್ಲ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಅದರ ವಾದಗಳು ನಾಲ್ಕು. ಬಂಡವಾಳಕ್ಕೆ ಕಾಲಿದೆ, ಇಲ್ಲಿ ಗಲಾಟೆಯಾದರೆ ವಿಯೆಟ್ನಾಮಿಗೆ ಹೋಗುತ್ತದೆ. ಮುಂಬಯಿ ಮತ್ತು ಕೋಲ್ಕತ್ತಗಳನ್ನು ಹಾಳುಮಾಡಿದ್ದು ಯೂನಿಯನ್ನುಗಳೇ. ಕೊರಿಯಾ, ಚೀನಾಗಳು ಕಾರ್ಮಿಕರ ಬಾಯಿ ಕಟ್ಟಿ ಮೊದಲು ಬೆಳೆದವು, ಹಂಚಿಕೆಯ ಮಾತು ಆಮೇಲೆ ಬಂತು. ಕಾರ್ಮಿಕ ಪರ ಕಾನೂನು ಮಾಡಿದ ರಾಜ್ಯಗಳಲ್ಲಿ ಉತ್ಪಾದನೆ ಕುಸಿಯಿತೆಂದು ಅರ್ಥಶಾಸ್ತ್ರಜ್ಞರೂ ಲೆಕ್ಕ ಹಾಕಿ ತೋರಿಸಿದ್ದಾರೆ. ಇವುಗಳಲ್ಲಿ ಒಂದೂ ಪೂರ್ತಿ ಸುಳ್ಳಲ್ಲ. ಅರ್ಧ ನಿಜವಾದ್ದರಿಂದಲೇ ಇವು ಇಷ್ಟು ಕಾಲ ಬಾಳಿವೆ.

ಕೊನೆಯ ವಾದವೇ ಹೆಚ್ಚು ಗಂಭೀರವಾಗಿ ಕಾಣುವುದರಿಂದ ಅಲ್ಲಿಂದಲೇ ಆರಂಭಿಸೋಣ. ಟಿಮ್ ಬೆಸ್ಲಿ ಮತ್ತು ರಾಬಿನ್ ಬರ್ಜೆಸ್ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, 1958ರಿಂದ 1992ರವರೆಗೆ ಕೈಗಾರಿಕಾ ವಿವಾದ ಕಾಯ್ದೆಗೆ ರಾಜ್ಯಗಳು ತಂದ ತಿದ್ದುಪಡಿಗಳನ್ನು ‘ಕಾರ್ಮಿಕ ಪರ’, ‘ಮಾಲೀಕ ಪರ’ ಎಂದು ವಿಂಗಡಿಸಿತು. ಕಾರ್ಮಿಕ ಪರ ರಾಜ್ಯಗಳಲ್ಲಿ ಹೂಡಿಕೆ, ಉದ್ಯೋಗ, ಉತ್ಪಾದನೆ ಎಲ್ಲವೂ ಕುಗ್ಗಿದವು ಎಂಬುದು ಅದರ ತೀರ್ಮಾನ. ದೆಹಲಿಯಲ್ಲಿ ಕಾರ್ಮಿಕ ಕಾನೂನು ಸುಧಾರಣೆಯ ಮಾತು ಬಂದಾಗಲೆಲ್ಲ ಈ ಅಧ್ಯಯನ ಮೇಜಿನ ಮೇಲೆ ಬಂದಿದೆ. ಆದರೆ ಅದರ ವಿಂಗಡಣೆಯನ್ನು ತೆರೆದು ನೋಡಿದರೆ ನಗು ಬರುತ್ತದೆ. ಗುಜರಾತ್ ಅಲ್ಲಿ ‘ಕಾರ್ಮಿಕ ಪರ’ ರಾಜ್ಯ, ಕೇರಳ ‘ಮಾಲೀಕ ಪರ’ ರಾಜ್ಯ! ಕಾರ್ಖಾನೆಯ ಜಂಟಿ ಸಮಿತಿಗೆ ಪ್ರತಿನಿಧಿಗಳನ್ನು ನೇಮಿಸದ ಮಾಲೀಕನಿಗೆ ದಿನಕ್ಕೆ 50 ರೂಪಾಯಿ ದಂಡ ಹಾಕುವ 1973ರ ಒಂದೇ ಒಂದು ತಿದ್ದುಪಡಿಯ ಬಲದ ಮೇಲೆ ಗುಜರಾತಿಗೆ ಆ ಬಿರುದು ಸಿಕ್ಕಿತ್ತು. ಅರ್ಥಶಾಸ್ತ್ರಜ್ಞ ಆದಿತ್ಯ ಭಟ್ಟಾಚಾರ್ಜಿ ಇದನ್ನು ಎತ್ತಿ ತೋರಿಸಿ ಬಹಳ ವರ್ಷಗಳಾದವು. ಆದರೂ ತೀರ್ಮಾನ ಮಾತ್ರ ಸಭೆಯಿಂದ ಸಭೆಗೆ ಸಾಗುತ್ತಲೇ ಇದೆ.

ಇಂಥ ಲೆಕ್ಕಗಳಿಗಿಂತ ದೊಡ್ಡ ಪ್ರಯೋಗವೊಂದು ನಮ್ಮ ಕಣ್ಣೆದುರೇ ನಡೆದಿದೆ. 1980ರ ದಶಕದ ಆರಂಭದಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು ಎರಡೂವರೆ ಸಾವಿರ ಮುಷ್ಕರ, ಬೀಗಮುದ್ರೆಗಳು ನಡೆಯುತ್ತಿದ್ದವು. 1982ರ ಒಂದೇ ವರ್ಷದಲ್ಲಿ ಏಳು ಕೋಟಿಗೂ ಹೆಚ್ಚು ಮಾನವ ದಿನಗಳು ನಷ್ಟವಾದವು. ಇಂದು ಆ ಸಾವಿರಗಳು ನೂರರ ಲೆಕ್ಕಕ್ಕೆ ಇಳಿದಿವೆ. ವಿವಾದವೇ ಬೆಳವಣಿಗೆಗೆ ಅಡ್ಡಗಾಲಾಗಿದ್ದರೆ ಅದು ತೊಲಗಿದ ಈ ನಾಲ್ಕು ದಶಕಗಳಲ್ಲಿ ನಮ್ಮ ಕಾರ್ಖಾನೆಗಳು ಗಗನಕ್ಕೇರಬೇಕಿತ್ತು. ದೇಶದ ಒಟ್ಟು ಉತ್ಪನ್ನದಲ್ಲಿ ತಯಾರಿಕಾ ವಲಯದ ಪಾಲನ್ನು 2022ರ ಹೊತ್ತಿಗೆ ಶೇಕಡಾ 25ಕ್ಕೆ ಏರಿಸುವುದು ‘ಮೇಕ್ ಇನ್ ಇಂಡಿಯಾ’ದ ಗುರಿಯಾಗಿತ್ತು. ಅದು ಶೇಕಡಾ 17ರ ಆಸುಪಾಸನ್ನೂ ದಾಟಲಿಲ್ಲ. ಕೇಳಿದ ಶಾಂತಿ ಸಿಕ್ಕಿತು, ಅದು ತರುತ್ತದೆ ಎಂದಿದ್ದ ಅಭಿವೃದ್ಧಿ ಬರಲಿಲ್ಲ.

ಬಂದದ್ದೇನು? ಸಂಘಟಿತ ಕಾರ್ಖಾನೆಗಳ ನಿವ್ವಳ ಮೌಲ್ಯವರ್ಧನೆಯಲ್ಲಿ 1980ರ ದಶಕದ ಆರಂಭದಲ್ಲಿ ಶೇಕಡಾ 30ರ ಹತ್ತಿರವಿದ್ದ ಕಾರ್ಮಿಕರ ಕೂಲಿಯ ಪಾಲು ಮೂರು ದಶಕ ಕಳೆಯುವಷ್ಟರಲ್ಲಿ ಅದರ ಅರ್ಧಕ್ಕಿಂತ ಕೆಳಗಿಳಿಯಿತು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಕಾರ್ಮಿಕರಲ್ಲಿ ಐವರಿಗೊಬ್ಬ ಗುತ್ತಿಗೆಯವನಿದ್ದ. ಇಂದು ಐವರಲ್ಲಿ ಇಬ್ಬರು ಗುತ್ತಿಗೆಯವರು. ಹೀಗಿರುವಾಗ ಮಾಲೀಕ ಹೊಸ ಯಂತ್ರವನ್ನೇಕೆ ತರುತ್ತಾನೆ? ಹನ್ನೊಂದು ತಿಂಗಳಿಗೆ ಬದಲಾಗುವ ಹುಡುಗನಿಗೆ ಕಸುಬನ್ನೇಕೆ ಕಲಿಸುತ್ತಾನೆ? ಅಗ್ಗದ ಕೈಗಳು ಸುಲಭವಾಗಿ ಸಿಗುವಾಗ ತಲೆ ಓಡಿಸುವ ಅಗತ್ಯ ಬೀಳುವುದಿಲ್ಲ. ನಮ್ಮ ಕಾರ್ಖಾನೆಗಳ ಉತ್ಪಾದಕತೆಯ ಬಗ್ಗೆ ದೂರುವವರೆಲ್ಲ ಇದನ್ನು ತಿಳಿದೂ ದೂರುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

ಈಗ ಕೊರಿಯಾಕ್ಕೆ ಬರೋಣ. ಸರ್ವಾಧಿಕಾರಿಗಳಾದ ಪಾರ್ಕ್ ಚುಂಗ್ ಹೀ ಮತ್ತು ಚುನ್ ಡೂ ಹ್ವಾನ್ ಕಾರ್ಮಿಕರನ್ನು ಬಂದೂಕಿನ ಬಲದಿಂದ ಅದುಮಿಟ್ಟಿದ್ದು ನಿಜ. ಆದರೆ ನಮ್ಮವರು ಕೊರಿಯಾದ ಕಥೆಯನ್ನು 1986ಕ್ಕೇ ಮುಗಿಸಿಬಿಡುತ್ತಾರೆ. 1987ರ ಜೂನ್‌ನಲ್ಲಿ ಸರ್ವಾಧಿಕಾರ ಬಾಗಿತು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮೂರೇ ತಿಂಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಡೆ ಕಾರ್ಮಿಕ ವಿವಾದಗಳು ಸಿಡಿದವು. ಉಲ್ಸಾನ್‌ನ ಹ್ಯುಂಡೈ ಕಾರ್ಖಾನೆಗಳ ಕಾರ್ಮಿಕರು ಬೀದಿಗಿಳಿದರು. ಮುಂದಿನ ಕೆಲವು ವರ್ಷ ಕೂಲಿ ಎರಡಂಕಿಯ ದರದಲ್ಲಿ ಏರಿತು. ಇಲ್ಲಿನ ಸಿದ್ಧಾಂತದ ಪ್ರಕಾರ ಕೊರಿಯಾದ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ನಡೆದದ್ದು ಬೇರೆ. ಅಗ್ಗದ ಕೂಲಿಯನ್ನೇ ನೆಚ್ಚಿದ್ದ ಬೂಸಾನ್‌ನ ಶೂ ಕಾರ್ಖಾನೆಗಳು ಇಂಡೋನೇಷ್ಯಾಕ್ಕೆ, ವಿಯೆಟ್ನಾಮಿಗೆ ಹೋದವು; ಕೊರಿಯಾ ಕಾರು, ಹಡಗು, ಮೆಮೊರಿ ಚಿಪ್ಪುಗಳತ್ತ ನಡೆಯಿತು. ಹತ್ತು ವರ್ಷದೊಳಗೆ, 1996ರಲ್ಲಿ, ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಗೆ ಸೇರಿತು. ಹ್ಯುಂಡೈನ ಯೂನಿಯನ್ ವರ್ಷ ವರ್ಷವೂ ಜಗಳ ಕಾಯುತ್ತಲೇ ಇತ್ತು, ಹ್ಯುಂಡೈ ಕಾರು ನಮ್ಮ ಶ್ರೀಪೆರಂಬುದೂರಿನವರೆಗೂ ಬಂತು. ಕೂಲಿ ಏರಿದ್ದರಿಂದ ಕೊರಿಯಾದ ಕಂಪನಿಗಳಿಗೆ ಅಗ್ಗದ ದಾರಿ ಮುಚ್ಚಿತು. ಕಷ್ಟದ, ಲಾಭದ ದಾರಿಯಲ್ಲಿ ನಡೆಯಲೇಬೇಕಾಯಿತು.

ಇದನ್ನೇ ನೀತಿಯಾಗಿ ರೂಪಿಸಿದ ದೇಶ ಸ್ವೀಡನ್. 1920ರ ದಶಕದಲ್ಲಿ ಯುರೋಪಿನಲ್ಲೇ ಅತಿ ಹೆಚ್ಚು ಮುಷ್ಕರ ನಡೆಯುತ್ತಿದ್ದ ನಾಡುಗಳಲ್ಲಿ ಅದೂ ಒಂದು. 1931ರ ಮೇ ತಿಂಗಳಲ್ಲಿ ಒಡಾಲೆನ್‌ನಲ್ಲಿ ಮುಷ್ಕರದ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿ ಐದು ಜನ ಸತ್ತರು. ಆ ರಕ್ತಪಾತದ ನಂತರ ಆ ದೇಶ ಯೂನಿಯನ್ನುಗಳನ್ನು ಒಡೆಯಲಿಲ್ಲ. 1938ರಲ್ಲಿ ಸಾಲ್ಟ್‌ಶೋಬಾಡೆನ್ ಎಂಬಲ್ಲಿ ಮಾಲೀಕರ ಒಕ್ಕೂಟ ಮತ್ತು ಕಾರ್ಮಿಕರ ಒಕ್ಕೂಟ ಎದುರುಬದುರು ಕುಳಿತು, ಜಗಳವನ್ನು ಹೇಗೆ ಆಡಬೇಕು ಎಂಬುದಕ್ಕೆ ಒಪ್ಪಂದ ಮಾಡಿಕೊಂಡವು. ಮುಂದೆ ಯೂನಿಯನ್ನಿನ ಅರ್ಥಶಾಸ್ತ್ರಜ್ಞರಾದ ರೇನ್ ಮತ್ತು ಮೈಡ್ನರ್, ಒಂದೇ ಕೆಲಸಕ್ಕೆ ಎಲ್ಲ ಕಂಪನಿಗಳಲ್ಲೂ ಒಂದೇ ಕೂಲಿ ಇರಲಿ ಎಂಬ ಸೂತ್ರ ತಂದರು. ಆ ಕೂಲಿ ಕೊಡಲಾಗದ ದುರ್ಬಲ ಕಂಪನಿ ಮುಚ್ಚಲಿ, ಅಲ್ಲಿನ ಕೆಲಸಗಾರರಿಗೆ ಸರ್ಕಾರ ಹೊಸ ಕಸುಬು ಕಲಿಸಿ ಬಲಿಷ್ಠ ಕಂಪನಿಗೆ ಕಳಿಸಲಿ ಎಂದು ಯೂನಿಯನ್ನೇ ಹೇಳಿತು! ನಮ್ಮಲ್ಲಿ ಇದಕ್ಕೆ ತದ್ವಿರುದ್ಧ. ಕನಿಷ್ಠ ವೇತನ ಏರಿದರೆ ಸತ್ತೇಹೋಗುತ್ತೇವೆ ಎನ್ನುವ ಕಂಪನಿಗಳನ್ನು ಉಳಿಸಲು ಕನಿಷ್ಠ ವೇತನವನ್ನೇ ಕೆಳಗೆ ಹಿಡಿದಿಡುತ್ತೇವೆ.

ಚೀನಾ? 1982ರ ಸಂವಿಧಾನದಲ್ಲಿ ಅದು ಮುಷ್ಕರದ ಹಕ್ಕನ್ನೇ ಅಳಿಸಿತು. ಹಾಗೆಂದು ಅಲ್ಲಿ ಮುಷ್ಕರ ನಿಂತಿತೇ? 2010ರ ಮೇ ತಿಂಗಳಲ್ಲಿ ಫೊಶಾನ್‌ನ ಹೋಂಡಾ ಗೇರ್‌ಬಾಕ್ಸ್ ಘಟಕದ ಕಾರ್ಮಿಕರು ಕೆಲಸ ನಿಲ್ಲಿಸಿದಾಗ ಚೀನಾದಲ್ಲಿದ್ದ ಹೋಂಡಾದ ಕಾರು ಜೋಡಣೆಯೇ ಸ್ತಬ್ಧವಾಯಿತು. ಸಂಬಳವನ್ನು ಗಣನೀಯವಾಗಿ ಏರಿಸಬೇಕಾಯಿತು. ಆ ವರ್ಷ ಬಹುತೇಕ ಎಲ್ಲ ಪ್ರಾಂತ್ಯಗಳೂ ಕನಿಷ್ಠ ವೇತನ ಹೆಚ್ಚಿಸಿದವು. ಚೀನಾದ ಕಾರ್ಖಾನೆಗಳು ಆಟಿಕೆ ಬಿಟ್ಟು ಎಲೆಕ್ಟ್ರಿಕ್ ಕಾರಿಗೆ ಏರಿದ್ದು ಈ ಕೂಲಿ ಏರಿಕೆಯ ಕಾಲದಲ್ಲೇ. ಹೀಗೆ ‘ಚೀನಾ ಮಾದರಿ’ ಎಂದು ನಮಗೆ ತೋರಿಸುವ ಚಿತ್ರದಲ್ಲಿ ಚೀನಾದ ಕಾರ್ಮಿಕನೇ ಕಾಣೆಯಾಗಿದ್ದಾನೆ.

ಮುಂಬಯಿಯ ವಾದಕ್ಕೆ ಬರೋಣ. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೂಡಿದ ಮುಷ್ಕರ ಒಂದು ವರ್ಷವನ್ನೂ ದಾಟಿತು, ಸೋತಿತು, ಸಾವಿರಾರು ಮನೆಗಳು ಬೀದಿಗೆ ಬಿದ್ದವು. ಅದನ್ನು ಗೆಲುವೆಂದು ಯಾರೂ ಬಣ್ಣಿಸಲಾರರು. ಆದರೆ ಗಿರಣಿಗಳನ್ನು ಕೊಂದದ್ದು ಅದೊಂದೇ ಏನು? ಮಾಲೀಕರು ದಶಕಗಳ ಕಾಲ ಲಾಭವನ್ನು ಹೊರಗೆ ಸಾಗಿಸಿ ಹಳೇ ಮಗ್ಗಗಳಲ್ಲೇ ಕಾಲ ತಳ್ಳಿದ್ದರು. ಭಿವಂಡಿ, ಮಾಲೆಗಾಂವ್‌ಗಳ ಪವರ್‌ಲೂಮ್‌ಗಳು ಮಾರುಕಟ್ಟೆಯನ್ನು ಆಗಲೇ ಕಸಿದಿದ್ದವು. ಗಿರಣಿಗಳ ಕೆಳಗಿನ ನೆಲ ಬಟ್ಟೆಗಿಂತ ದುಬಾರಿಯಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಗಿರಣಿ ಕಾರ್ಮಿಕರ ಪರವಾಗಿ ಮಾತಾಡುವ ಹಕ್ಕನ್ನು 1946ರ ಬಾಂಬೆ ಕೈಗಾರಿಕಾ ಸಂಬಂಧ ಕಾಯ್ದೆ ಒಂದೇ ಸಂಘಕ್ಕೆ, ಕಾಂಗ್ರೆಸ್ಸಿನ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ, ಬಿಟ್ಟುಕೊಟ್ಟಿತ್ತು. ಕಾರ್ಮಿಕರಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ತಾವು ನಂಬಿದವನ ಮೂಲಕ ಮಾತಾಡಲು ಕಾನೂನು ಬಿಡಲಿಲ್ಲ. ಆ ಕಾಯ್ದೆಯನ್ನು ರದ್ದುಮಾಡಿ ಎಂಬುದೇ ಮುಷ್ಕರದ ಬೇಡಿಕೆಗಳಲ್ಲೊಂದಾಗಿತ್ತು. ಮಾತಿನ ಬಾಗಿಲು ಮುಚ್ಚಿದ್ದರಿಂದ ಆ ಮುಷ್ಕರ ಅಷ್ಟು ಉದ್ದವಾಯಿತು, ಅಷ್ಟು ಹಠದ್ದಾಯಿತು.

ಕೋಲ್ಕತ್ತದ ಕಥೆಯಲ್ಲಿ ಎಡಪಕ್ಷಗಳ ತಪ್ಪು ದೊಡ್ಡದಿದೆ. 1967ರ ಘೇರಾವ್‌ಗಳು, ಮ್ಯಾನೇಜರನ್ನು ಗಂಟೆಗಟ್ಟಲೆ ಕೂಡಿಹಾಕಿ ಹಿಂಸಿಸುವ ರೂಢಿ ಉದ್ಯಮವನ್ನು ಹೆದರಿಸಿ ಓಡಿಸಿದ್ದು ಸುಳ್ಳಲ್ಲ. ಆದರೆ ದೇಶ ವಿಭಜನೆಯಲ್ಲಿ ಸೆಣಬು ಬೆಳೆಯುವ ನೆಲ ಒಂದು ಕಡೆ, ಸೆಣಬಿನ ಗಿರಣಿ ಇನ್ನೊಂದು ಕಡೆ ಆದದ್ದು, ಕೇಂದ್ರದ ಸಾಗಣೆ ದರ ಸಮೀಕರಣ ನೀತಿ 1950ರ ದಶಕದಿಂದ 1990ರ ದಶಕದವರೆಗೆ ಕಬ್ಬಿಣ, ಉಕ್ಕಿಗೆ ದೇಶದುದ್ದಕ್ಕೂ ಒಂದೇ ಬೆಲೆ ಕಟ್ಟಿ ಪೂರ್ವ ಭಾರತದ ಸಹಜ ಅನುಕೂಲವನ್ನು ಕಿತ್ತುಕೊಂಡದ್ದು, ಇವನ್ನು ಮರೆತು ಹೇಳುವ ಬಂಗಾಳದ ಕಥೆ ರಾಜಕೀಯ ಭಾಷಣವಷ್ಟೇ. ಇನ್ನೊಂದು ಸಂಗತಿಯನ್ನಂತೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 1980ರ ದಶಕದ ನಂತರದ ಬಹುಪಾಲು ವರ್ಷಗಳಲ್ಲಿ ಭಾರತದಲ್ಲಿ ಮುಷ್ಕರಕ್ಕಿಂತ ಮಾಲೀಕರ ಬೀಗಮುದ್ರೆಯಿಂದಲೇ ಹೆಚ್ಚು ಮಾನವ ದಿನಗಳು ನಷ್ಟವಾಗಿವೆ. ಗೇಟಿಗೆ ಬೀಗ ಹಾಕಿದವನು ಮಾಲೀಕ. ಪತ್ರಿಕೆಯ ತಲೆಬರಹದಲ್ಲಿ ಮಾತ್ರ ಅದು ‘ಕಾರ್ಮಿಕ ಅಶಾಂತಿ’.

ಬಂಡವಾಳಕ್ಕೆ ಕಾಲಿದೆ ಎಂಬ ಮಾತನ್ನು ನಮ್ಮ ಊರಿನ ಉದಾಹರಣೆಗಳಲ್ಲೇ ಪರೀಕ್ಷಿಸಬಹುದು. 2020ರ ಡಿಸೆಂಬರ್ 12ರ ಬೆಳಗಿನ ಜಾವ ಕೋಲಾರದ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯನ್ನು ಅದರ ಕಾರ್ಮಿಕರೇ ಪುಡಿಗಟ್ಟಿದರು. ನಷ್ಟ 437 ಕೋಟಿ ರೂಪಾಯಿ ಎಂದು ಕಂಪನಿ ಪೊಲೀಸರಿಗೆ ದೂರು ಕೊಟ್ಟಿತು, ಆಮೇಲೆ ಅಂದಾಜು ಹೆಚ್ಚೆಂದರೆ ಐವತ್ತು ಕೋಟಿಯ ಆಸುಪಾಸಿಗೆ ಇಳಿಯಿತು. ರಾಜ್ಯದ ಮಾನ ಹೋಯಿತು, ಇನ್ನು ಯಾರೂ ಇತ್ತ ತಲೆಹಾಕುವುದಿಲ್ಲ ಎಂದು ಟಿವಿಗಳು ಎದೆ ಬಡಿದುಕೊಂಡವು. ತನಿಖೆಯಲ್ಲಿ ಹೊರಬಿದ್ದದ್ದೇನು? ಕೆಲವೇ ತಿಂಗಳಲ್ಲಿ ಐದು ಸಾವಿರದಿಂದ ಹತ್ತು ಸಾವಿರಕ್ಕೆ ಏರಿದ ಕೆಲಸಗಾರರಲ್ಲಿ ಕಾಯಂ ನೌಕರರು ಒಂದೂವರೆ ಸಾವಿರಕ್ಕಿಂತ ಕಡಿಮೆ. ಉಳಿದವರೆಲ್ಲ ಗುತ್ತಿಗೆಯವರು. ಹಾಜರಿಯ ಲೆಕ್ಕ ಸರಿಯಿಲ್ಲ, ಹೇಳಿದ ಸಂಬಳ ಕೈಗೆ ಬಂದಿಲ್ಲ, ಓಟಿ ಹಣ ನಾಪತ್ತೆ. ಕಂಪನಿ ಕಾರ್ಮಿಕರ ಕ್ಷಮೆ ಕೇಳಿ ತನ್ನ ಉಪಾಧ್ಯಕ್ಷರೊಬ್ಬರನ್ನು ತೆಗೆಯಿತು. ಆ್ಯಪಲ್ ಕಂಪನಿ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಕೆಲವು ತಿಂಗಳಲ್ಲಿ ಕಾರ್ಖಾನೆ ಮತ್ತೆ ಶುರುವಾಯಿತು. 2023ರಲ್ಲಿ ಟಾಟಾ ಅದನ್ನು ಕೊಂಡಿತು, ಫಾಕ್ಸ್‌ಕಾನ್ ದೇವನಹಳ್ಳಿಗೆ ಬಂತು. ಇಂಥ ಹಿಂಸೆ ನಡೆದ ಊರಿನಿಂದಲೂ ಬಂಡವಾಳ ಓಡಲಿಲ್ಲ.

ಬಿಡದಿಯ ಟೊಯೋಟ ಕಿರ್ಲೋಸ್ಕರ್‌ನಲ್ಲಿ 2020ರ ನವೆಂಬರ್‌ನಲ್ಲಿ ಹತ್ತಿಕೊಂಡ ವಿವಾದ ಬೀಗಮುದ್ರೆಗೆ ತಿರುಗಿ ಮರುವರ್ಷದ ಮಾರ್ಚ್‌ವರೆಗೆ ಎಳೆಯಿತು. ಉತ್ಪಾದನೆಯ ವೇಗ ಹೆಚ್ಚಿಸಿ ಮೈಮುರಿಯುವಂತೆ ದುಡಿಸುತ್ತಾರೆ ಎಂಬುದು ಅಲ್ಲಿನ ಕಾರ್ಮಿಕರ ದೂರಾಗಿತ್ತು. ಅದೇ ಕಂಪನಿ 2023ರಲ್ಲಿ ಅದೇ ಬಿಡದಿಯಲ್ಲಿ 3,300 ಕೋಟಿ ರೂಪಾಯಿಯ ಮೂರನೇ ಘಟಕಕ್ಕೆ ಸರ್ಕಾರದೊಂದಿಗೆ ಸಹಿ ಹಾಕಿತು. ಪಕ್ಕದ ತಮಿಳುನಾಡಿನಲ್ಲಿ ಸ್ಯಾಮ್‌ಸಂಗ್ ಕಾರ್ಮಿಕರು 2024ರಲ್ಲಿ ಯೂನಿಯನ್ನಿನ ನೋಂದಣಿಗಾಗಿ 37 ದಿನ ಹೊರಗೆ ಕೂತರು, ಮರುವರ್ಷದ ಜನವರಿಯಲ್ಲಿ ನೋಂದಣಿ ಸಿಕ್ಕಿತು. ದೇಶದಲ್ಲೇ ಅತಿ ಹೆಚ್ಚು ಕಾರ್ಖಾನೆಗಳಿರುವ ರಾಜ್ಯ ಆ ತಮಿಳುನಾಡೇ. ಬಂಡವಾಳ ನೋಡುವುದು ಬಂದರು, ರಸ್ತೆ, ಬಿಡಿಭಾಗ ಒದಗಿಸುವವರು, ಕಲಿತ ಕೈಗಳು ಮತ್ತು ಮಾರುಕಟ್ಟೆಯನ್ನು. ಇವೆಲ್ಲ ಇರುವ ಕಡೆ ಅದು ಜಗಳವನ್ನೂ ಸಹಿಸುತ್ತದೆ. ಇವು ಇಲ್ಲದ ಕಡೆ ಎಷ್ಟೇ ಮೌನವಿದ್ದರೂ ಬರುವುದಿಲ್ಲ. ಹಾಗಿರದಿದ್ದರೆ ಯೂನಿಯನ್ನಿನ ಸದ್ದೇ ಇಲ್ಲದ ನಮ್ಮ ಎಷ್ಟೋ ಕೈಗಾರಿಕಾ ಪ್ರದೇಶಗಳಲ್ಲಿ ಖಾಲಿ ನಿವೇಶನಗಳಲ್ಲಿ ಜಾಲಿ ಬೆಳೆಯುತ್ತಿರಲಿಲ್ಲ.

ಯೂನಿಯನ್ ಇಲ್ಲದಿದ್ದರೆ ವಿವಾದವೂ ಇಲ್ಲ ಎಂಬ ಲೆಕ್ಕವೂ ತಪ್ಪೆಂದು ತೋರಿಸಿದವರು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಟಾರ್ಗೆಟ್ಟಿನ ಒತ್ತಡಕ್ಕೆ ನಲವತ್ತು ದಾಟುವ ಮೊದಲೇ ಕೆಲಸ ಬಿಡುವ, ಮಗಳ ಮದುವೆಗೋ ಊರಿನ ಸಾಲಕ್ಕೋ ಪಿಎಫ್ ಒಂದನ್ನೇ ನೆಚ್ಚಿಕೊಂಡ ಆ ಹೆಂಗಸರು ಏಪ್ರಿಲ್ 18ರಂದು ಹೊಸೂರು ರಸ್ತೆಗೆ ಇಳಿದರು. ಅವರಿಗೆ ನಾಯಕರಿರಲಿಲ್ಲ, ಯೂನಿಯನ್ನಿನ ಕರೆ ಇರಲಿಲ್ಲ. ಮಾತುಕತೆಗೆ ಕರೆಯೋಣವೆಂದರೆ ಯಾರನ್ನು ಕರೆಯಬೇಕೆಂದು ಸರ್ಕಾರಕ್ಕೂ ತಿಳಿಯಲಿಲ್ಲ. ಬಸ್ಸುಗಳು ಉರಿದವು, ಲಾಠಿ ಬೀಸಲಾಯಿತು, ಮರುದಿನ ಕೇಂದ್ರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಆ ಎರಡು ದಿನಗಳ ಬೆಂಕಿಯನ್ನು ಬಲವಾದ ಯೂನಿಯನ್ನೊಂದು ಫೆಬ್ರವರಿಯಲ್ಲೇ ಒಂದು ಮನವಿ ಪತ್ರದಲ್ಲಿ, ಒಂದು ಸಂಧಾನ ಸಭೆಯಲ್ಲಿ ಮುಗಿಸಿಬಿಡಬಹುದಿತ್ತು.

ವಿವಾದವೇ ಏಳದಂತೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅತ್ಯಂತ ಕ್ರೂರ ಉತ್ತರ ಢಾಕಾದ ಬಳಿಯ ರಾಣಾ ಪ್ಲಾಜಾ. 2013ರ ಏಪ್ರಿಲ್ 23ರಂದು ಆ ಕಟ್ಟಡದ ಗೋಡೆಗಳಲ್ಲಿ ಬಿರುಕು ಕಂಡಿತು. ಕೆಳಗಿದ್ದ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳಿಸಿತು. ಮೇಲಿದ್ದ ಗಾರ್ಮೆಂಟ್ಸ್ ಕಾರ್ಖಾನೆಗಳು ಮರುದಿನ ಬೆಳಗ್ಗೆ ಕೆಲಸಗಾರರನ್ನು ಒಳಗೆ ಕರೆದವು, ಬರದಿದ್ದರೆ ಸಂಬಳ ಕತ್ತರಿಸುವ ಬೆದರಿಕೆಯೊಂದಿಗೆ. ‘ನಾವು ಒಳಗೆ ಬರುವುದಿಲ್ಲ’ ಎಂದು ಒಟ್ಟಾಗಿ ಹೇಳಲು ಅಲ್ಲಿ ಸಂಘವೇ ಇರಲಿಲ್ಲ. ಕಟ್ಟಡ ಕುಸಿದು 1,134 ಜನ ಸತ್ತರು. ಅರ್ಧ ದಿನದ ಒಂದು ಮುಷ್ಕರ ಅವರನ್ನು ಉಳಿಸುತ್ತಿತ್ತು. ಆಮೇಲೆ ಕಾರ್ಮಿಕ ಸಂಘಟನೆಗಳೂ ವಿದೇಶಿ ಬ್ರ್ಯಾಂಡುಗಳೂ ಸಹಿ ಹಾಕಿದ ಸುರಕ್ಷತಾ ಒಪ್ಪಂದ ಬಂತು, ತಪಾಸಣೆಗಳು ನಡೆದವು. ಬಾಂಗ್ಲಾದೇಶದ ಸಿದ್ಧ ಉಡುಪುಗಳ ರಫ್ತು ಅದರಿಂದ ಕುಸಿಯಲಿಲ್ಲ, ಮುಂದಿನ ವರ್ಷಗಳಲ್ಲಿ ಏರಿತು.

ಇಷ್ಟು ಹೇಳಿ ಯೂನಿಯನ್ನುಗಳನ್ನು ದೇವರ ಕೋಣೆಯಲ್ಲಿ ಕೂರಿಸಲು ನಾನು ಹೊರಟಿಲ್ಲ. ಮಾನೇಸರದ ಮಾರುತಿ ಕಾರ್ಖಾನೆಯಲ್ಲಿ 2012ರ ಜುಲೈ 18ರಂದು ಅಧಿಕಾರಿಯೊಬ್ಬರು ಬೆಂಕಿಯಲ್ಲಿ ಸತ್ತರು. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ವಿಚಾರಣೆ ಎದುರಿಸಿದ 148 ಜನರಲ್ಲಿ 117 ಮಂದಿ ಐದು ವರ್ಷಗಳ ನಂತರ ಖುಲಾಸೆಯಾದರು ಎಂಬುದೂ ನೆನಪಿರಲಿ. 1980ರ ಡಿಸೆಂಬರಿನಲ್ಲಿ ಶುರುವಾಗಿ 77 ದಿನ ನಡೆದ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರದಲ್ಲಿ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿಗಳ ಕಾಯಂ ಕಾರ್ಮಿಕರು ಈ ನಗರದ ಶಕ್ತಿಯನ್ನು ತೋರಿಸಿದರು. ಆದರೆ ಅದೇ ಗೇಟಿನೊಳಗೆ ಕ್ಯಾಂಟೀನಿನಲ್ಲಿ, ತೋಟದಲ್ಲಿ, ಲೋಡಿಂಗಿನಲ್ಲಿ ದುಡಿಯುತ್ತಿದ್ದ ಗುತ್ತಿಗೆಯವರನ್ನು ನಮ್ಮ ಸಂಘಗಳು ಬಹಳ ಕಾಲ ತಮ್ಮವರೆಂದು ಎಣಿಸಲಿಲ್ಲ. ಒಳಗಿನವರ ಕೋಟೆ ಕಟ್ಟಿಕೊಂಡ ಯೂನಿಯನ್ನುಗಳು, ಆ ಕೋಟೆಯ ಹೊರಗೆ ಗುತ್ತಿಗೆಯವರ ಸೇನೆಯನ್ನೇ ಕಟ್ಟಿದ ಮಾಲೀಕರಿಗೆ ಅನುಕೂಲ ಮಾಡಿಕೊಟ್ಟವು. ಕಾರ್ಮಿಕ ಚಳವಳಿ ಇಂದು ಸೊರಗಿದ್ದರೆ ಅದರಲ್ಲಿ ಆ ಯೂನಿಯನ್ನುಗಳದೂ ಪಾಲಿದೆ.

ಆದರೆ ನಮ್ಮ ಸರ್ಕಾರಗಳು ಈ ಇತಿಹಾಸದಿಂದ ಕಲಿತ ಪಾಠ ತಲೆಕೆಳಗಾದದ್ದು. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನದ ದುಡಿಮೆಯನ್ನು 12 ಗಂಟೆಯವರೆಗೆ ಚಾಚಲು, ಮೂರು ತಿಂಗಳ ಓಟಿಯನ್ನು 75 ಗಂಟೆಯಿಂದ 145ಕ್ಕೆ ಏರಿಸಲು ದಾರಿ ಮಾಡಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಮುಷ್ಕರಕ್ಕೆ ಎಲ್ಲ ಕಾರ್ಖಾನೆಗಳಲ್ಲೂ 14 ದಿನಗಳ ನೋಟಿಸ್ ಬೇಕು. ಸಂಧಾನ ನಡೆಯುತ್ತಿರುವಾಗ ಮುಷ್ಕರ ನಿಷಿದ್ಧ. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಾಗಿ ರಜೆ ಹಾಕಿದರೆ ಅದೂ ಮುಷ್ಕರವೇ. ನೋಟಿಸ್ ಕೊಟ್ಟ ಕೂಡಲೇ ಸಂಧಾನಾಧಿಕಾರಿ ಸಭೆ ಕರೆದರೆ ಸಾಕು, ಕಾನೂನುಬದ್ಧ ಮುಷ್ಕರ ಕಾಗದದ ಮೇಲೆ ಉಳಿಯುತ್ತದೆ. ಕೆಲಸಗಾರರನ್ನು ತೆಗೆಯಲು, ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಾದ ಮಿತಿಯನ್ನು ಮಾತ್ರ 100 ಕಾರ್ಮಿಕರಿಂದ 300ಕ್ಕೆ ಏರಿಸಲಾಗಿದೆ. ಸಂಘ ಕಟ್ಟುವ ಹಕ್ಕು, ಸಾಮೂಹಿಕ ಚೌಕಾಸಿಯ ಹಕ್ಕುಗಳ ಬಗೆಗಿನ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 87 ಮತ್ತು 98ನೇ ಒಡಂಬಡಿಕೆಗಳನ್ನು ಭಾರತ ಇಂದಿಗೂ ಅನುಮೋದಿಸಿಲ್ಲ.

ಮಾಡಬೇಕಾದ್ದು ಇದರ ತಿರುವುಮುರುವು. ಯಾವ ಸಂಘ ಮಾತುಕತೆಗೆ ಕೂರಬೇಕೆಂಬುದನ್ನು ಗುಪ್ತ ಮತದಾನದಿಂದ ನಿರ್ಧರಿಸಬೇಕು, ಗುತ್ತಿಗೆಯವರಿಗೂ ಆ ಮತ ಇರಬೇಕು. ಒಂದೇ ಲೈನಿನಲ್ಲಿ ಒಂದೇ ಕೆಲಸ ಮಾಡುವವರಿಗೆ ಒಂದೇ ಸಂಬಳ ಸಿಗಬೇಕು. ಕಾರ್ಮಿಕ ಇಲಾಖೆಯ ಸಂಧಾನಕ್ಕೆ ಕಾಲಮಿತಿ ಹಾಕಬೇಕು, ಆ ಮಿತಿ ಮುಗಿದ ಮೇಲೆ ಕೆಲಸ ನಿಲ್ಲಿಸುವ ಹಕ್ಕು ನಿಜವಾಗಿ ದಕ್ಕಬೇಕು. ಹಿಂಸೆ ಮಾಡಿದವನಿಗೆ ಶಿಕ್ಷೆಯಾಗಲಿ. ಆದರೆ ಅದರ ನೆಪದಲ್ಲಿ ನೂರಾರು ಜನರನ್ನು ವರ್ಷಗಟ್ಟಲೆ ಜೈಲಿನಲ್ಲಿಡುವುದು ನಿಲ್ಲಲಿ. ಇದರಿಂದ ಮುಷ್ಕರಗಳ ಸಂಖ್ಯೆ ಕೆಲವು ವರ್ಷ ಏರಬಹುದು. ಏರಲಿ. ಕೊರಿಯಾದಲ್ಲೂ ಏರಿತ್ತು, ಸ್ವೀಡನ್ನಿನಲ್ಲೂ ಒಂದು ಕಾಲಕ್ಕೆ ಹೆಚ್ಚಿತ್ತು, ಆ ದೇಶಗಳು ಅದರಿಂದ ಬಡವಾಗಲಿಲ್ಲ. ದುಡಿಯುವವನು ಬಾಯಿ ತೆರೆದರೆ ದೇಶ ಹಿಂದುಳಿಯುತ್ತದೆ ಎನ್ನುವವರು ಬಾಯಿ ಮುಚ್ಚಿಸಿದ ನಲವತ್ತು ವರ್ಷಗಳ ಲೆಕ್ಕವನ್ನು ಮೊದಲು ಒಪ್ಪಿಸಬೇಕು. ಅದನ್ನು ಒಪ್ಪಿಸಲಾಗದಿದ್ದರೆ, ಹೂಡಿಕೆದಾರರಿಗೆ ತೋರಿಸುವ ಪಟ್ಟಿಯಿಂದ ‘ಕೈಗಾರಿಕಾ ಶಾಂತಿ’ಯನ್ನು ಹೊಡೆದುಹಾಕಿ, ಅಲ್ಲಿ ಕಸುಬು ಬಲ್ಲ, ಹಕ್ಕು ಬಲ್ಲ ಕಾರ್ಮಿಕರಿದ್ದಾರೆ ಎಂದು ಬರೆಯುವ ಧೈರ್ಯ ಮಾಡಬೇಕು.